ಅಪಾರ್ಟ್‌ಮೆಂಟ್ ನಿರ್ವಹಣಾ ಏಜೆನ್ಸಿಯ ಒಂದು ವರ್ಷದ ಸೇವೆ: ಕಲಬುರಗಿಯ ಕಾರ್ಯದರ್ಶಿಯೊಬ್ಬರ ವಿಮರ್ಶೆ

ನಮ್ಮ ಅಪಾರ್ಟ್‌ಮೆಂಟಿನ ದಿನನಿತ್ಯದ ನಿರ್ವಹಣೆಯನ್ನು ಕಳೆದ ವರ್ಷ ಒಂದು ಏಜೆನ್ಸಿಗೆ ವಹಿಸಿದೆವು. ಕರಾರಿನ ಹನ್ನೆರಡು ತಿಂಗಳು ಈಗ ಮುಗಿದಿವೆ. ಜೇವರ್ಗಿ ರಸ್ತೆ, ಸೇಡಂ ರಸ್ತೆ, ರಿಂಗ್ ರೋಡಿನ ಆಚೀಚೆ ಎದ್ದಿರುವ ಬೇರೆ ಅಪಾರ್ಟ್‌ಮೆಂಟುಗಳ ಪದಾಧಿಕಾರಿಗಳು "ನಿಮ್ಮ ಏಜೆನ್ಸಿ ಹೆಂಗದರೀ ಅಕ್ಕೋರ?" ಎಂದು ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಅನುಭವವನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ. ಏಜೆನ್ಸಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಆ ಸಂಸ್ಥೆಗಿಂತ ಅಂಥ ಸಂಸ್ಥೆಗಳ ಜೊತೆ ನಾವು ಮಾಡಿಕೊಳ್ಳುವ ಕರಾರಿಗೆ ಸೇರಿದವು.

ಮೊದಲು ನಮ್ಮ ಕಟ್ಟಡದ ವಿವರ. 64 ಮನೆಗಳು, ಎರಡು ಲಿಫ್ಟು, ಒಂದು ಜನರೇಟರ್, ಎರಡು ಬೋರ್‌ವೆಲ್, ನೆಲದಡಿಯಲ್ಲಿ ಒಂದು ಸಂಪು. ತಿಂಗಳ ವಂತಿಗೆ ಮನೆಗೆ 2,400 ರೂಪಾಯಿ, ಅಂದರೆ ಎಲ್ಲರೂ ಕೊಟ್ಟರೆ 1,53,600 ರೂಪಾಯಿ. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಕಾರ್ಯಕಾರಿ ಸಮಿತಿಯ ಏಳು ಜನರಲ್ಲಿ ಯಾರಿಗೂ ಸಂಬಳವಿಲ್ಲ, ಗೌರವಧನವಿಲ್ಲ. ಗೌರವದ ಪ್ರಮಾಣವೂ ನೀರು ಬರುವ ದಿನ ಮತ್ತು ಬಾರದ ದಿನಕ್ಕೆ ತಕ್ಕಂತೆ ಬದಲಾಗುತ್ತದೆ. ಮೂರು ವರ್ಷದ ಹಿಂದಿನ ಸರ್ವಸದಸ್ಯರ ಸಭೆಗೆ 64 ಮನೆಗಳಿಂದ 19 ಜನ ಬಂದಿದ್ದರು. ಅಧ್ಯಕ್ಷರಾಗಿ ಆಯ್ಕೆಯಾದವರು ಆ ದಿನ ಸಂಬಂಧಿಕರ ಮದುವೆಗೆಂದು ಬೀದರಿಗೆ ಹೋಗಿದ್ದರಿಂದ ಬೇಡವೆನ್ನುವ ಅವಕಾಶವೇ ಅವರಿಗೆ ಸಿಗಲಿಲ್ಲ. ನಾನು ಸಭೆಯಲ್ಲಿಯೇ ಇದ್ದೆ, ಬೇಡವೆಂದೂ ಹೇಳಿದೆ. ಆದರೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ಲೆಕ್ಕಪತ್ರಕ್ಕೆ ಹೆದರಬಾರದೆಂಬ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೀಗೆ ಕಾರ್ಯದರ್ಶಿಯಾದೆ. ಅಂದಿನಿಂದ ಶಾಲೆ ಬಿಟ್ಟು ಗೇಟಿನೊಳಗೆ ಕಾಲಿಡುವಷ್ಟರಲ್ಲಿ ಕನಿಷ್ಠ ಇಬ್ಬರಾದರೂ ಎದುರಾಗುತ್ತಾರೆ. ನಳ ಬಂದಿಲ್ಲ, ಮೇಲಿನವರ ಬಚ್ಚಲಿನಿಂದ ನಮ್ಮ ಗೋಡೆ ಹಸಿಯಾಗಿದೆ, ನನ್ನ ಜಾಗದಲ್ಲಿ ಯಾರದೋ ಗಾಡಿ ನಿಂತಿದೆ. ಎರಡು ವರ್ಷ ಇದನ್ನು ನಡೆಸಿದ ಮೇಲೆ, ಹೊಸ ಸಮಿತಿಗೆ ಯಾರೂ ಹೆಸರು ಕೊಡದಿದ್ದಾಗ, ಏಜೆನ್ಸಿಯ ವಿಚಾರ ಬಂತು.

ಏಜೆನ್ಸಿಯ ಪ್ರತಿನಿಧಿ ಬಂದು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಮೇಡಂ, ಇನ್ನು ನೀವು ಸಹಿ ಮಾತ್ರ ಮಾಡಿದರೆ ಸಾಕು." ಮೂವರು ಕಾವಲುಗಾರರು, ಇಬ್ಬರು ಸ್ವಚ್ಛತಾ ಕೆಲಸದವರು, ನಳ ಮತ್ತು ಕರೆಂಟಿನ ಕೆಲಸ ಎರಡನ್ನೂ ಬಲ್ಲ ಒಬ್ಬ ಹುಡುಗ, ವಾರಕ್ಕೆ ಎರಡು ಸಲ ಬರುವ ಮೇಲ್ವಿಚಾರಕ, ವಂತಿಗೆ ವಸೂಲಿ ಮತ್ತು ದೂರುಗಳಿಗಾಗಿ ಒಂದು ಮೊಬೈಲ್ ಆ್ಯಪ್ ಅವರ ಸೇವೆಯಲ್ಲಿದ್ದವು. ಸಿಬ್ಬಂದಿ ವೆಚ್ಚ 79,000, ಅದರ ಮೇಲೆ ಶೇ. 10 ಸೇವಾಶುಲ್ಕ 7,900, ಒಟ್ಟು 86,900 ರೂಪಾಯಿ. ಇದು ಮಾತಿನಲ್ಲಿ ಹೇಳಿದ ದರ. ಬಿಲ್ಲು ಬಂದಾಗ ಶೇ. 18 ಜಿಎಸ್‌ಟಿ ಸೇರಿ 1,02,542 ಆಗಿತ್ತು. ಸದಸ್ಯರಿಂದ ನಾವು ಪಡೆಯುವ ವಂತಿಗೆ ತಿಂಗಳಿಗೆ 7,500 ರೂಪಾಯಿಯ ಮಿತಿಯೊಳಗೇ ಇರುವುದರಿಂದ ಅದರ ಮೇಲೆ ನಾವು ಜಿಎಸ್‌ಟಿ ಹಾಕಬೇಕಿಲ್ಲ. ಆದರೆ ಅದೇ ಕಾರಣಕ್ಕೆ ಏಜೆನ್ಸಿಗೆ ಕಟ್ಟಿದ ಜಿಎಸ್‌ಟಿಯನ್ನು ಎಲ್ಲಿಯೂ ಹೊಂದಿಸಿಕೊಳ್ಳುವಂತೆಯೂ ಇಲ್ಲ. ಅದು ಪೂರ್ತಿಯಾಗಿ ನಮ್ಮದೇ ಖರ್ಚು. ಹಿಂದೆ ನಾವೇ ನೇರವಾಗಿ ಜನರನ್ನು ಇಟ್ಟುಕೊಂಡಿದ್ದಾಗ ಇದೇ ಕೆಲಸಕ್ಕೆ ಸುಮಾರು 61,000 ರೂಪಾಯಿ ಆಗುತ್ತಿತ್ತು. ಯಾರಾದರೂ ದರಪಟ್ಟಿ ತಂದರೆ ತೆರಿಗೆ ಸೇರಿಸಿದ ಅಂಕಿಯನ್ನು ಕಾಗದದಲ್ಲಿ ಬರೆಸಿಕೊಳ್ಳದೆ ಸಭೆಯ ಮುಂದೆ ಇಡಬೇಡಿ. ನಾನು ಇಟ್ಟು, ಮುಂದಿನ ತಿಂಗಳು ಅದೇ ಸಭೆಗೆ ಸಮಜಾಯಿಷಿ ಕೊಡಬೇಕಾಯಿತು.

ಹೊಗಳಬೇಕಾದದ್ದನ್ನು ಮೊದಲು ಹೊಗಳುತ್ತೇನೆ. ಲೆಕ್ಕಪತ್ರದ ಕೆಲಸದಲ್ಲಿ ಏಜೆನ್ಸಿ ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸಿದೆ. ಮೊದಲು ನಮ್ಮ ಖಜಾಂಚಿಯವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಕೊಳ್ಳುತ್ತಿದ್ದಾಗ ಯಾರೋ ಎದುರು ಸಿಕ್ಕು ಎರಡು ತಿಂಗಳ ವಂತಿಗೆಯನ್ನು ಕೈಗಿಟ್ಟರೆ, ಅದು ಮನೆಗೆ ಬರುವಷ್ಟರಲ್ಲಿ ಮನೆಖರ್ಚಿನ ದುಡ್ಡಿನೊಂದಿಗೆ ಬೆರೆತು, ರಾತ್ರಿ ಕುಳಿತು ಬೇರ್ಪಡಿಸಬೇಕಾಗುತ್ತಿತ್ತು. ಒಂದು ರೂಪಾಯಿ ತಪ್ಪದ ಆ ಮನುಷ್ಯನ ಮೇಲೂ ಒಮ್ಮೆ ಸಭೆಯಲ್ಲಿ ಒಬ್ಬರು ಬೆರಳು ತೋರಿಸಿದರು. ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಅವರ ಮನೆಯವರು ನನಗೆ ಹೇಳಿದರು. ಈಗ ಬಿಲ್ಲು 1ನೇ ತಾರೀಖಿಗೆ ಪ್ರತಿ ಮನೆಯ ಮೊಬೈಲಿಗೆ ಹೋಗುತ್ತದೆ, ಹಣ ನೇರವಾಗಿ ಸಂಘದ ಖಾತೆಗೆ ಬೀಳುತ್ತದೆ, ರಸೀದಿ ತಾನಾಗಿ ಬರುತ್ತದೆ, ಖರ್ಚಿನ ಪ್ರತಿಯೊಂದು ಬಿಲ್ಲಿನ ಚಿತ್ರವನ್ನೂ ಯಾವ ಸದಸ್ಯರಾದರೂ ನೋಡಬಹುದು. ತಿಂಗಳ 10ನೇ ತಾರೀಖಿನೊಳಗೆ ಹಣ ಕಟ್ಟುವ ಮನೆಗಳು 41ರಿಂದ 55ಕ್ಕೆ ಏರಿವೆ. ನೆನಪೋಲೆ ಆ್ಯಪಿನ ಹೆಸರಿನಲ್ಲಿ ಹೋಗುವುದರಿಂದ, ಲಿಫ್ಟಿನಲ್ಲಿ ಸಿಕ್ಕಾಗ ಮುಖ ತಿರುಗಿಸಿಕೊಳ್ಳುವವರು ಕಡಿಮೆಯಾಗಿದ್ದಾರೆ.

ಆದರೆ ಉಳಿದ ಒಂಬತ್ತು ಮನೆಗಳ ವಿಷಯದಲ್ಲಿ ಏನೂ ಬದಲಾಗಲಿಲ್ಲ. ಅವುಗಳಲ್ಲಿ ಕೆಲವು ಬೀಗ ಹಾಕಿದ ಮನೆಗಳು. ಮಾಲೀಕರು ಹೈದರಾಬಾದಿನಲ್ಲೋ ಪುಣೆಯಲ್ಲೋ ಇದ್ದಾರೆ. ಇನ್ನು ಕೆಲವರು ಇಲ್ಲಿಯೇ ಇದ್ದು, ತಮ್ಮ ಹಳೆಯ ದೂರು ಬಗೆಹರಿಯುವವರೆಗೆ ಕೊಡುವುದಿಲ್ಲವೆಂದು ಕುಳಿತವರು. ಏಜೆನ್ಸಿ ಇವರಿಗೆ ಮೂರು ಸಲ ನೆನಪೋಲೆ ಕಳಿಸಿ, ನಾಲ್ಕನೆಯ ಸಲ ಕಡತವನ್ನು ನನಗೆ ಹಿಂದಿರುಗಿಸಿತು. "ಸಮಿತಿಯ ನಿರ್ಧಾರಕ್ಕೆ" ಎಂಬ ಷರಾ ಅದರ ಮೇಲಿತ್ತು. ಸಭೆಯಲ್ಲಿ ಒಬ್ಬರು ಅಂಥವರ ನೀರಿನ ಸಂಪರ್ಕ ಕಡಿಯಿರಿ ಎಂದರು. ಮೇಲ್ವಿಚಾರಕನು ತಕ್ಷಣ, "ಕಡಿತೀವ್ರಿ, ಆದರ ಕಾರ್ಯದರ್ಶಿಯವರು ಬರದು ಕೊಡಬೇಕು" ಎಂದ. ನಾನು ಬರೆದುಕೊಡಲಿಲ್ಲ. ನೀರಿನಂಥ ಅವಶ್ಯಕ ಸೌಲಭ್ಯಕ್ಕೆ ಕೈ ಹಾಕಬೇಡಿ, ಬಾಕಿ ವಸೂಲಿಗೆ ನೋಟಿಸು ಕೊಟ್ಟು ಕಾನೂನಿನ ದಾರಿಯಲ್ಲಿ ಹೋಗಿ ಎಂದು ನಮ್ಮ ವಕೀಲರು ಹೇಳಿದ್ದರು. ಆ ಒಂದು ಕ್ಷಣದಲ್ಲಿ ಏಜೆನ್ಸಿಯ ಇಡೀ ವ್ಯವಸ್ಥೆ ನನಗೆ ಅರ್ಥವಾಯಿತು. ಕೈಯಿಂದ ಮಾಡುವ ಕೆಲಸವನ್ನು ಅವರು ಮಾಡುತ್ತಾರೆ; ಆ ಕೆಲಸದ ಹೊಣೆ, ಬರೆದುಕೊಟ್ಟವರ ಹೆಸರಿನಲ್ಲಿಯೇ ಉಳಿಯುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಲಬುರಗಿಯಲ್ಲಿ ಅಪಾರ್ಟ್‌ಮೆಂಟ್ ನಡೆಸುವುದೆಂದರೆ ಮುಕ್ಕಾಲು ಪಾಲು ನೀರು ನಡೆಸುವುದೇ ಆಗಿದೆ. ನಮ್ಮ ನಗರಕ್ಕೆ ನೀರು ಬರುವುದು ಮುಖ್ಯವಾಗಿ ಭೀಮಾ ನದಿ ಮತ್ತು ಬೆಣ್ಣೆತೊರೆಯಿಂದ. ಬೇಸಿಗೆಯಲ್ಲಿ ಭೀಮೆ ಬತ್ತಿದರೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಿಸಬೇಕೆಂಬ ಬೇಡಿಕೆ ಏಳುತ್ತದೆ, ಮತ್ತು ಬಿಸಿಲು 40 ಡಿಗ್ರಿ ದಾಟಿದ ಆ ದಿನಗಳಲ್ಲಿಯೇ ಕೂಲರ್‌ಗಳಿಗೆ ಕೊಡಗಟ್ಟಲೆ ನೀರು ಸುರಿಯಬೇಕಾಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಸಾಮಾನ್ಯ ಮಾನದಂಡವನ್ನು ಹಿಡಿದರೆ, ಸುಮಾರು 250 ಜನರಿರುವ ನಮ್ಮ ಕಟ್ಟಡಕ್ಕೆ ದಿನಕ್ಕೆ 33,750 ಲೀಟರ್ ಬೇಕು. ಏಪ್ರಿಲ್ ಬಂತೆಂದರೆ ಒಂದು ಬೋರ್‌ವೆಲ್ ಕೈ ಕೊಡುತ್ತದೆ, ಇನ್ನೊಂದರ ನೀರು ಗೀಜರಿನ ಸುರುಳಿಯ ಮೇಲೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ಆಗ ದಿನಕ್ಕೆ ನಾಲ್ಕು ಟ್ಯಾಂಕರ್ ತರಿಸುವುದು ಅನಿವಾರ್ಯ, ಅದಕ್ಕಾಗಿ ಎರಡು ತಿಂಗಳು ಮನೆಗೆ 1,500 ರೂಪಾಯಿ ಹೆಚ್ಚುವರಿ ವಂತಿಗೆ ಹಾಕುವುದೂ ಅನಿವಾರ್ಯ.

ಟ್ಯಾಂಕರ್ ತರಿಸುವ ಕೆಲಸವನ್ನು ಏಜೆನ್ಸಿ ವಹಿಸಿಕೊಂಡಿತು. ಮೇಲ್ವಿಚಾರಕನೇ ಒಬ್ಬ ಪೂರೈಕೆದಾರನನ್ನು ಗೊತ್ತುಮಾಡಿದ. 6,000 ಲೀಟರಿನ ಟ್ಯಾಂಕರಿಗೆ 900 ರೂಪಾಯಿ. ಪ್ರತಿ ಟ್ಯಾಂಕರಿನ ರಸೀದಿಯ ಚಿತ್ರ ಆ್ಯಪಿಗೆ ಏರುತ್ತಿತ್ತು, ಲೆಕ್ಕ ಒಪ್ಪವಾಗಿತ್ತು, ಆದರೂ ಸಂಜೆ ಏಳಕ್ಕೆ ಮೇಲಿನ ಅಂತಸ್ತಿನ ನಳಗಳು ಗಾಳಿ ಬಿಡುತ್ತಿದ್ದವು. ನಮ್ಮಲ್ಲಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ; ಎಲ್ಲರೂ ಅವರನ್ನು ಓವರ್‌ಸಿಯರ್ ಕಾಕಾ ಎನ್ನುತ್ತಾರೆ. ಅವರು ಒಂದು ಮಧ್ಯಾಹ್ನ ಸಂಪಿನ ಮುಚ್ಚಳ ತೆಗೆಸಿ ಟೇಪು ಹಿಡಿದರು. ಒಳಗಿನ ಉದ್ದ 5 ಮೀಟರ್, ಅಗಲ 4 ಮೀಟರ್. ಅಂದರೆ ನೀರು ಒಂದು ಸೆಂಟಿಮೀಟರ್ ಏರಿದರೆ 200 ಲೀಟರ್, 6,000 ಲೀಟರ್ ಬಿದ್ದರೆ 30 ಸೆಂಟಿಮೀಟರ್ ಏರಬೇಕು. ಎಂಟನೆಯ ತರಗತಿಯ ಮಕ್ಕಳಿಗೆ ನಾನೇ ಪ್ರತಿ ವರ್ಷ ಮಾಡಿಸುವ ಲೆಕ್ಕ ಇದು. ನನ್ನ ಕಾಲಡಿಯ ಸಂಪಿಗೆ ಅದನ್ನು ಹಚ್ಚಬೇಕೆಂದು ನನಗೆ ಹೊಳೆದಿರಲಿಲ್ಲ. ಕಾಕಾ ಒಂದು ಉದ್ದನೆಯ ಜಿಐ ಪೈಪಿಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು, ಮೋಟಾರು ನಿಲ್ಲಿಸಿ, ಟ್ಯಾಂಕರ್ ಖಾಲಿಯಾಗುವ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಅಳೆದರು. ನೀರು ಏರಿದ್ದು 25 ಸೆಂಟಿಮೀಟರ್. ಮರುದಿನ ಮತ್ತೆ ಅಳೆದರು, ಮತ್ತೆ 25.

ಟ್ಯಾಂಕರಿಗೆ 1,000 ಲೀಟರ್ ಕಡಿಮೆ, ದಿನಕ್ಕೆ 4,000 ಲೀಟರ್, ಹಣದಲ್ಲಿ ದಿನಕ್ಕೆ 600 ರೂಪಾಯಿ, ತಿಂಗಳಿಗೆ 18,000. ಇದು ಏಜೆನ್ಸಿಗೆ ನಾವು ಕೊಡುವ ಸೇವಾಶುಲ್ಕದ ಎರಡು ಪಟ್ಟಿಗೂ ಹೆಚ್ಚು. ಮೇಲ್ವಿಚಾರಕನನ್ನು ಕೇಳಿದರೆ ರಸೀದಿ ತೋರಿಸಿದ; ಅದರಲ್ಲಿ 6,000 ಎಂದು ಅಚ್ಚಾಗಿತ್ತು. ಚಾಲಕನನ್ನು ಕೇಳಿದರೆ, "ರೋಡ್ ನೋಡ್ರಿ, ತಗ್ಗಿನ್ಯಾಗ ಬಿದ್ದು ಚೆಲ್ಲತದ್ರಿ" ಎಂದ. ರಸ್ತೆಯ ವಿಷಯದಲ್ಲಿ ಅವನ ಮಾತನ್ನು ಅಲ್ಲಗಳೆಯಲು ನನಗೆ ಆಗಲಿಲ್ಲ, ಆದರೆ ಪ್ರತಿ ಸಲವೂ ಸರಿಯಾಗಿ ಸಾವಿರ ಲೀಟರ್ ಮಾತ್ರವೇ ಚೆಲ್ಲುವ ತಗ್ಗನ್ನು ನಂಬಲೂ ಆಗಲಿಲ್ಲ. ಯಾರಾದರೂ ಉದ್ದೇಶಪೂರ್ವಕವಾಗಿ ಮೋಸ ಮಾಡಿದರೆಂದು ನಾನು ಹೇಳಲಾರೆ. ಟ್ಯಾಂಕಿನ ನಿಜವಾದ ಅಳತೆಯೇ ಕಡಿಮೆ ಇದ್ದಿರಬಹುದು. ಏಜೆನ್ಸಿಯ ವ್ಯವಸ್ಥೆಯಲ್ಲಿ ರಸೀದಿಗೆ ಜಾಗವಿತ್ತು, ನೀರಿನ ಮಟ್ಟಕ್ಕೆ ಇರಲಿಲ್ಲ, ಮತ್ತು ರಸೀದಿ ಇದ್ದರೆ ಅವರ ಮಟ್ಟಿಗೆ ನೀರು ಬಂದಂತೆಯೇ. ದೂರು ಕೊಟ್ಟ ಮೇಲೆ ಪೂರೈಕೆದಾರನನ್ನು ಬದಲಿಸಿದರು. ಹೊಸಬನ ಟ್ಯಾಂಕರಿನಿಂದ ಮೊದಲ ವಾರ 31 ಸೆಂಟಿಮೀಟರ್ ಏರಿತು, ಮೂರನೆಯ ವಾರಕ್ಕೆ ಅದು 28ಕ್ಕೆ ಇಳಿಯಿತು. ಆಮೇಲೆ ದಿನಕ್ಕೊಂದು ಮನೆಯವರು ಸರದಿಯ ಮೇಲೆ ಪೈಪು ಇಳಿಸಿ ಅಳೆದು, ಗೆರೆಗೆ ತಕ್ಕಷ್ಟೇ ಹಣವೆಂದು ಚೀಟಿ ಬರೆಯುವ ಪದ್ಧತಿ ಮಾಡಿದೆವು. ನೀರು ಕಡಿಮೆ ಬರುವುದು ನಿಂತಿತು. ಅಂದರೆ ನೀರಿನ ವಿಷಯದಲ್ಲಿ ಏಜೆನ್ಸಿಗೆ ದುಡ್ಡು ಕೊಟ್ಟು ಕೊನೆಗೆ ಅಳೆಯುವ ಕೆಲಸವನ್ನು ನಾವೇ ಮಾಡಿದೆವು.

ನಗರದ ನಳ ಬರುವ ಹೊತ್ತಿನದೂ ಇದೇ ಕಥೆ. ಏಜೆನ್ಸಿಯ ಹುಡುಗನ ಕೆಲಸದ ಅವಧಿ ಬೆಳಿಗ್ಗೆ 9ರಿಂದ ಸಂಜೆ 6. ನಳ ಬೆಳಗಿನ ಜಾವ ಬಂದರೆ ವಾಲ್ವ್ ತಿರುಗಿಸುವುದು ಕಾವಲುಗಾರನ ಕರ್ತವ್ಯವೇ ಅಲ್ಲವೇ ಎಂಬ ಬಗ್ಗೆ ಎರಡು ತಿಂಗಳು ಪತ್ರವ್ಯವಹಾರ ನಡೆಯಿತು. ಅಷ್ಟರಲ್ಲಿ ಎರಡು ಸಲ ಸಂಪು ತುಂಬಿ ನೀರು ರಸ್ತೆಗೆ ಹರಿಯಿತು.

ಲಿಫ್ಟಿನ ಅನುಭವ ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿ, ಜನರೇಟರ್ ಎತ್ತಿಕೊಳ್ಳದೆ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಎರಡು ಮತ್ತು ಮೂರನೆಯ ಮಹಡಿಯ ನಡುವೆ ಸಿಕ್ಕಿಕೊಂಡರು. ಏಜೆನ್ಸಿಯ ಸಹಾಯವಾಣಿಗೆ ಕರೆ ಮಾಡಿದಾಗ ಬೆಂಗಳೂರಿನ ಹುಡುಗಿಯೊಬ್ಬಳು ಬಹಳ ವಿನಯದಿಂದ ದೂರಿನ ಸಂಖ್ಯೆ ಬರೆದುಕೊಳ್ಳಲು ಹೇಳಿ, ನಾಲ್ಕು ತಾಸಿನೊಳಗೆ ಗಮನ ಹರಿಸುವುದಾಗಿ ತಿಳಿಸಿದಳು. ಲಿಫ್ಟ್ ಕಂಪನಿಯ ಸ್ಥಳೀಯ ಮೆಕ್ಯಾನಿಕ್ಕಿನ ನಂಬರು ನನ್ನ ಹಳೆಯ ಡೈರಿಯಲ್ಲಿ ಇದ್ದದ್ದರಿಂದ ಇಪ್ಪತ್ತೈದು ನಿಮಿಷಕ್ಕೆ ಅಜ್ಜಿ ಹೊರಬಂದರು. ಹೊರಗೆ ಬಂದವರೇ ಮಜ್ಜಿಗೆ ಕುಡಿದು, "ಟೀಚರ್, ಒಳಗ ಕುಂಡ್ರಲಿಕ್ಕ ಒಂದು ಸ್ಟೂಲ್ ಇಡಸ್ರಿ" ಎಂದರು. ಏಜೆನ್ಸಿಯ ಆ್ಯಪಿನಲ್ಲಿ ಮರುದಿನ ಬೆಳಿಗ್ಗೆ ಆ ದೂರಿನ ಮುಂದೆ "ಪರಿಹರಿಸಲಾಗಿದೆ" ಎಂದು ಹಸಿರು ಬಣ್ಣ ಬಂದಿತ್ತು. ಕರ್ನಾಟಕದಲ್ಲಿ ಲಿಫ್ಟುಗಳಿಗೆ 2012ರ ಪ್ರತ್ಯೇಕ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಮತ್ತು ತಪಾಸಣೆ ಬೇಕು. ಪರವಾನಗಿ ಇರುವುದು ಸಂಘದ ಹೆಸರಿನಲ್ಲಿ, ಏಜೆನ್ಸಿಯ ಹೆಸರಿನಲ್ಲಿ ಅಲ್ಲ. ಆಗಬಾರದ್ದೇನಾದರೂ ಆದರೆ ಬಾಗಿಲು ತಟ್ಟುವುದು ಯಾರ ಮನೆಯದೆಂದು ಬೇರೆ ಹೇಳಬೇಕಿಲ್ಲ.

ಸಿಬ್ಬಂದಿಯ ವಿಷಯದಲ್ಲಿ ನಾನು ಏಜೆನ್ಸಿಗಿಂತ ಹೆಚ್ಚಾಗಿ ನಮ್ಮನ್ನೇ ದೂರಬೇಕು. ನಾವು ನೇರವಾಗಿ ಕೆಲಸಕ್ಕೆ ಇಟ್ಟುಕೊಂಡಿದ್ದ ವರ್ಷಗಳಲ್ಲಿ ಕಸ ಗುಡಿಸುವ ಇಬ್ಬರು ಹೆಣ್ಣುಮಕ್ಕಳಿಗೆ ಸಂಬಳದ ಹೊರತು ಏನೂ ಇರಲಿಲ್ಲ. ಹಬ್ಬಕ್ಕೆ ಸೀರೆ ಕೊಟ್ಟು ನಾವು ಉದಾರಿಗಳೆಂದುಕೊಂಡಿದ್ದೆವು. ಏಜೆನ್ಸಿ ಬಂದ ಮೇಲೆ ಅವರಿಗೆ ಭವಿಷ್ಯ ನಿಧಿ ಮತ್ತು ನೌಕರರ ರಾಜ್ಯ ವಿಮೆಯ (ಇಎಸ್‌ಐ) ಸೌಲಭ್ಯ ಬಂತು. ಮಳೆಗಾಲದಲ್ಲಿ ಅವರಲ್ಲೊಬ್ಬಳು ಒದ್ದೆಯಾದ ಫರ್ಸಿಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಾಗ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಅವಳಿಗೆ ಚಿಕಿತ್ಸೆ ಆಯಿತು, ಅವಳ ಕೈಯಿಂದ ದುಡ್ಡು ಹೋಗಲಿಲ್ಲ. ತಿಂಗಳಿಗೆ ನಾವು ಹೆಚ್ಚಾಗಿ ಕೊಡುತ್ತಿರುವ ಹಣದಲ್ಲಿ ಒಂದು ಭಾಗ ಇದಕ್ಕೆ ಹೋಗುತ್ತಿದೆಯೆಂದರೆ ಅದನ್ನು ದುಬಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಇದೂ ತಾನಾಗಿ ಆದದ್ದಲ್ಲ. ಮೊದಲ ಐದು ತಿಂಗಳು ಬಿಲ್ಲಿನಲ್ಲಿ ಈ ಬಾಬತ್ತು ಇದ್ದರೂ ಹಣ ಕಟ್ಟಿದ ಚಲನ್ ಬಂದಿರಲಿಲ್ಲ. ಚಲನಿನ ಪ್ರತಿ ಮತ್ತು ಪ್ರತಿ ನೌಕರರ ಹೆಸರಿನ ಪಟ್ಟಿ ಬಾರದೆ ಮುಂದಿನ ಬಿಲ್ಲು ಪಾಸಾಗುವುದಿಲ್ಲವೆಂದು ನಮ್ಮ ಖಜಾಂಚಿಯವರು ಹಟ ಹಿಡಿದ ಮೇಲೆ ಎಲ್ಲವೂ ಒಟ್ಟಿಗೆ ಬಂದವು. ಇದರ ಜೊತೆಗೆ, ಕಾವಲು ಸಿಬ್ಬಂದಿ ಒದಗಿಸುವವರಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಪರವಾನಗಿ ಇರಬೇಕು. ಅದರ ಪ್ರತಿಯನ್ನೂ ಕರಾರಿಗೆ ಮುಂಚೆಯೇ ಪಡೆಯಿರಿ.

ಹಾಗಿದ್ದೂ ನಮ್ಮ ಹಳೆಯ ಕಾವಲುಗಾರನನ್ನು ಕಳೆದುಕೊಂಡದ್ದು ನನಗೆ ಇಂದಿಗೂ ಬೇಸರ. ಆಳಂದ ತಾಲ್ಲೂಕಿನವನು, ಕಟ್ಟಡದ ಪಾಯ ತೋಡುವಾಗಿನಿಂದ ಇದ್ದವನು. ಯಾವ ಮನೆಯ ಮಗು ಎಷ್ಟು ಗಂಟೆಗೆ ಶಾಲೆಯಿಂದ ಬರುತ್ತದೆ, ಯಾವ ಪೈಪು ಎಲ್ಲಿ ಹೂತಿದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಏಜೆನ್ಸಿ ಅವನನ್ನು ಸೇರಿಸಿಕೊಂಡು, ಸಮವಸ್ತ್ರ ತೊಡಿಸಿ, ಮೂರು ತಿಂಗಳಿಗೆ ಬೇರೊಂದು ಕಟ್ಟಡಕ್ಕೆ ವರ್ಗ ಮಾಡಿತು. ಸಿಬ್ಬಂದಿಯನ್ನು ಒಂದೇ ಕಡೆ ಇಡಬಾರದೆಂಬುದು ಅವರ ನಿಯಮವಂತೆ. ಅವನ ಜಾಗಕ್ಕೆ ಬಂದವರು ವರ್ಷದಲ್ಲಿ ಆರು ಜನ, ಮತ್ತು ಆ ಆರು ಜನರೂ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ ಯಾವ ಮನೆಗೆ ಬಂದಿರಿ ಎಂದು ಕೇಳಿದ್ದಾರೆ.

ಕಾನೂನು ಪಾಲನೆಯ ಹೊಣೆ ತಮ್ಮದೆಂದು ಪ್ರತಿನಿಧಿ ಹೇಳಿದ್ದ. ಕರಾರಿನಲ್ಲಿ ಇದ್ದದ್ದು "ಸಲಹೆ ನೀಡಲಾಗುವುದು" ಎಂಬ ಎರಡು ಪದ. ನಮ್ಮಂಥ ನೋಂದಾಯಿತ ಸಂಘವು ಗುತ್ತಿಗೆದಾರನಿಗೆ ಹಣ ಕೊಡುವಾಗ ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡಬೇಕು. ಗುತ್ತಿಗೆದಾರ ಕಂಪನಿಯಾಗಿದ್ದರೆ ಶೇ. 2. ಅಂದರೆ ಜಿಎಸ್‌ಟಿ ಬಿಟ್ಟು 86,900ರ ಮೇಲೆ ತಿಂಗಳಿಗೆ 1,738 ರೂಪಾಯಿ. ಕಡಿತವಾಗಬೇಕಾದದ್ದು ಏಜೆನ್ಸಿಯ ಹಣದಿಂದಲೇ ಆದ್ದರಿಂದ ಈ ಸಲಹೆ ಅವರಿಂದ ತಾನಾಗಿ ಬರಲಿಲ್ಲ. ನಮಗೆ ಗೊತ್ತಾಗಿ ತ್ರೈಮಾಸಿಕ ವಿವರ ಸಲ್ಲಿಸುವಷ್ಟರಲ್ಲಿ 19 ದಿನ ತಡವಾಗಿತ್ತು, ದಿನಕ್ಕೆ 200ರಂತೆ 3,800 ರೂಪಾಯಿ ಕಟ್ಟಿದೆವು. ಅದು ಸಂಘದ ಹಣ, ಆದರೆ ಸಭೆಯಲ್ಲಿ ನಿಂತು ಉತ್ತರ ಕೊಟ್ಟವಳು ನಾನು.

ಇದಕ್ಕಿಂತ ದೊಡ್ಡ ಮೊತ್ತದ ವಿಷಯ ಛಾವಣಿಯದು. ಮೇಲಂತಸ್ತಿನ ಮನೆಗಳಲ್ಲಿ ಮಳೆನೀರು ಒಸರತೊಡಗಿದಾಗ ಏಜೆನ್ಸಿ 1,85,000 ರೂಪಾಯಿಯ ಅಂದಾಜು ಕೊಟ್ಟಿತು. ದುರಸ್ತಿ ಕೆಲಸಗಳ ಮೇಲೂ ಅವರಿಗೆ ಶೇ. 10 ಸಿಗುತ್ತದೆಂಬುದನ್ನು ಇಲ್ಲಿ ನೆನಪಿಡಬೇಕು. ಮನೆಗಳು ನಮ್ಮ ಕೈಗೆ ಬಂದು ನಾಲ್ಕು ವರ್ಷವೂ ಆಗಿಲ್ಲ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಂಡುಬರುವ ರಚನೆ ಮತ್ತು ಕೆಲಸದ ಗುಣಮಟ್ಟದ ದೋಷಗಳನ್ನು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) 14ನೇ ಕಲಮಿನಂತೆ ಬಿಲ್ಡರೇ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು ಎಂದು ನೆನಪಿಸಿದವರೂ ಓವರ್‌ಸಿಯರ್ ಕಾಕಾ ಅವರೇ. ಎರಡು ಪತ್ರ ಬರೆದೆವು. ಮೂರನೆಯದನ್ನು ರೇರಾ ಪ್ರಾಧಿಕಾರಕ್ಕೆ ಬರೆಯುತ್ತೇವೆಂದ ಮೇಲೆ ಬಿಲ್ಡರ್ ಕೆಲಸ ಮುಗಿಸಿಕೊಟ್ಟ.

ಕೊನೆಯದಾಗಿ, ಆ್ಯಪಿನ ದೂರು ವಿಭಾಗ. ನಾಲ್ಕನೆಯ ಮಹಡಿಯ ಮನೆಯೊಂದರಲ್ಲಿ ಬೆಳಿಗ್ಗೆ ಐದೂವರೆಗೆ ಜೋಳದ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಮೂವರು ಗಂಡುಮಕ್ಕಳ ಡಬ್ಬಿ, ಮಾವನ ನಾಷ್ಟಾ. ಹದಿನೈದು ರೊಟ್ಟಿಗೆ ಕಡಿಮೆಯಿಲ್ಲ. ಕೆಳಗಿನ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಮಲಗುವ ನರ್ಸ್ ಇದ್ದಾರೆ. ಅವರು ಆ್ಯಪಿನಲ್ಲಿ "ಶಬ್ದ" ಎಂಬ ವಿಭಾಗದಲ್ಲಿ ದೂರು ದಾಖಲಿಸಿದರು. ಮೇಲಿನ ಮನೆಗೆ ಒಂದು ಎಚ್ಚರಿಕೆಯ ಸಂದೇಶ ಹೋಯಿತು, 24 ತಾಸಿನಲ್ಲಿ ದೂರು ಮುಕ್ತಾಯವಾಯಿತು, ಮತ್ತು ಎರಡು ಮನೆಗಳ ನಡುವಿನ ಮಾತೂ ಅಲ್ಲಿಗೆ ಮುಕ್ತಾಯವಾಯಿತು. ನಮ್ಮ ಊರಿನಲ್ಲಿ ರೊಟ್ಟಿ ಬಡಿಯಬೇಡಿ ಎಂದು ಮೊಬೈಲಿನಿಂದ ಹೇಳಿಸಿಕೊಂಡ ಹೆಣ್ಣುಮಗಳಿಗೆ ಹೇಗಾಗಿರಬೇಕೆಂಬುದನ್ನು ಆ ಆ್ಯಪ್ ಮಾಡಿದವರು ಊಹಿಸಲಾರರು. ಖಜಾಂಚಿಯವರ ಮನೆಯವರು ಒಂದು ಸಂಜೆ ಮೇಲೆ ಹೋಗಿ, ಚಹಾ ಕುಡಿದು, ರೊಟ್ಟಿಯ ಕಲ್ಲಿನ ಕೆಳಗೆ ನಾಲ್ಕು ಮಡಿಕೆಯ ಗೋಣಿಚೀಲ ಹಾಸಿಕೊಳ್ಳಲು ಹೇಳಿ, ಬರುವಾಗ ಎರಡು ಬಿಸಿ ರೊಟ್ಟಿ ಕಟ್ಟಿಸಿಕೊಂಡು ಕೆಳಗಿನ ಮನೆಗೆ ಕೊಟ್ಟರು. ಸದ್ದು ಪೂರ್ತಿ ನಿಂತಿಲ್ಲ, ದೂರು ನಿಂತಿದೆ. ಬೇಸಿಗೆಯಲ್ಲಿ ಸುರಕ್ಷತೆಯ ಹೆಸರಿನಲ್ಲಿ ಏಜೆನ್ಸಿ ಛಾವಣಿಗೆ ಬೀಗ ಜಡಿದು, ಸಂಡಿಗೆ ಹಪ್ಪಳ ಒಣಗಿಸಲು ಬಂದ ಇಪ್ಪತ್ತು ಮನೆಯವರು ಬುಟ್ಟಿ ಸಮೇತ ನನ್ನ ಬಾಗಿಲಿಗೆ ಬಂದ ಪ್ರಸಂಗವೂ ಇದೇ ಜಾತಿಯದು. ಕೀಲಿಯನ್ನು ನನ್ನ ಮನೆಯ ಮೊಳೆಗೆ ತೂಗುಹಾಕಿದ ಮೇಲೆ ಅದು ಮುಗಿಯಿತು.

ಸ್ವಚ್ಛತೆಗೆ ದೂರಿಲ್ಲ. ರಿಂಗ್ ರೋಡಿನ ಧೂಳಿಗೆ ಮೆಟ್ಟಿಲುಗಳು ದಿನಕ್ಕೆರಡು ಸಲ ಒರೆಸಿದರೂ ಅಷ್ಟೇ.

ಐದು ಅಂಕಕ್ಕೆ ಈ ಸೇವೆಗೆ ನಾನು ಮೂರು ಕೊಡುತ್ತೇನೆ. ಅದರಲ್ಲಿ ಎರಡು ಲೆಕ್ಕಪತ್ರಕ್ಕೆ, ಒಂದು ಸಿಬ್ಬಂದಿಗೆ ಸಿಕ್ಕ ಭವಿಷ್ಯ ನಿಧಿ ಮತ್ತು ಇಎಸ್‌ಐಗೆ. 40 ಮನೆಗಳಿಗಿಂತ ಹೆಚ್ಚಿರುವ ಕಟ್ಟಡಗಳು ಈ ಖರ್ಚನ್ನು ತೂಗಿಸಿಕೊಳ್ಳಬಹುದು; 15-20 ಮನೆಗಳಿರುವ ಕಡೆ ಲೆಕ್ಕದ ಆ್ಯಪನ್ನು ಮಾತ್ರ ಬೇರೆಯಾಗಿ ತೆಗೆದುಕೊಂಡು, ಜನರನ್ನು ನೇರವಾಗಿ ಇಟ್ಟುಕೊಳ್ಳುವುದು ಲೇಸು. ನಾವು ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ, ಆದರೆ ಹಳೆಯ ಕಾಗದಕ್ಕೆ ಸಹಿ ಹಾಕಿಲ್ಲ. ಟ್ಯಾಂಕರ್ ಖರೀದಿ ಮತ್ತು ಲಿಫ್ಟಿನ ವಾರ್ಷಿಕ ನಿರ್ವಹಣೆಯ ಒಪ್ಪಂದ ಸಮಿತಿಯ ಕೈಗೆ ಮರಳಿವೆ. ದುರಸ್ತಿ ಕೆಲಸಗಳ ಮೇಲಿನ ಶೇ. 10 ರದ್ದಾಗಿದೆ. ಸಮಿತಿಯನ್ನು ಕೇಳದೆ ಕಾವಲುಗಾರರನ್ನು ವರ್ಗ ಮಾಡುವಂತಿಲ್ಲ. ಪ್ರತಿ ಬಿಲ್ಲಿನೊಂದಿಗೆ ಹಿಂದಿನ ತಿಂಗಳ ಚಲನ್ ಇರಬೇಕು. ಕರಾರು ಮುರಿಯಲು ಮೂರು ತಿಂಗಳ ನೋಟಿಸು ಎಂದಿದ್ದದ್ದನ್ನು ಒಂದು ತಿಂಗಳಿಗೆ ಇಳಿಸಿದ್ದೇವೆ, ಮತ್ತು ಬಿಟ್ಟು ಹೋಗುವಾಗ ಲೆಕ್ಕದ ಎಲ್ಲ ಮಾಹಿತಿಯನ್ನು ಎಕ್ಸೆಲ್ ಕಡತದಲ್ಲಿ ಒಪ್ಪಿಸಬೇಕೆಂದು ಬರೆಸಿದ್ದೇವೆ. ಅಲ್ಲಿಯವರೆಗೆ ಪ್ರತಿ ತಿಂಗಳ ಕೊನೆಗೆ ಖಜಾಂಚಿಯವರು ಅದನ್ನು ಇಳಿಸಿಕೊಂಡು, ಜೊತೆಗೆ ತಮ್ಮ ಉದ್ದನೆಯ ನೋಟ್‌ಬುಕ್ಕಿನಲ್ಲಿಯೂ ಮೊತ್ತ ಬರೆದಿಡುತ್ತಾರೆ.

ಆಳಂದದ ಕಾವಲುಗಾರನನ್ನು ವಾಪಸು ಕಳಿಸಿ ಎಂದು ಬರೆದಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಹೊಸ ಸಮಿತಿಯ ಆಯ್ಕೆಗೆ ಮುಂದಿನ ತಿಂಗಳು ಸರ್ವಸದಸ್ಯರ ಸಭೆ ಇದೆ. ಆ ಭಾನುವಾರ ಊರಲ್ಲಿ ಇರುವುದಿಲ್ಲವೆಂದು ಈಗಾಗಲೇ ಹನ್ನೊಂದು ಮನೆಯವರು ಆ್ಯಪಿನಲ್ಲಿ ತಿಳಿಸಿದ್ದಾರೆ.